ಬೇಸಿಗೆಯ ಜಾತ್ರೆ ಮತ್ತು ಮದ್ದು ಸುಡುವ ಪದ್ಧತಿ: ಪುಟ್ಟಿಂಗಲ್ ದುರಂತದಿಂದ ಕಲಿಯಬೇಕಾದ ಪಾಠ



ಹೊಲದ ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ನಮ್ಮ ಕಡೆಗೆ ಜಾತ್ರೆಗಳು ಸಾಲಾಗಿ ಬರುತ್ತವೆ. ಯುಗಾದಿಯಿಂದ ಹಿಡಿದು ಬಸವ ಜಯಂತಿ ದಾಟುವವರೆಗೆ ಒಂದಿಲ್ಲೊಂದು ಊರಿನಲ್ಲಿ ತೇರು, ಪಲ್ಲಕ್ಕಿ, ಕುಸ್ತಿ, ನಾಟಕಗಳು ಇದ್ದೇ ಇರುತ್ತವೆ. ಇವುಗಳ ಜೊತೆಗೆ ಮದ್ದು ಸುಡುವ ಪದ್ಧತಿಯೂ ಹಲವೆಡೆ ಉಂಟು. ಈಚಿನ ವರ್ಷಗಳಲ್ಲಿ ಜಾತ್ರಾ ಕಮಿಟಿಗಳ ಮುಂದೆ ಪ್ರತಿ ಬೇಸಿಗೆಯಲ್ಲೂ ಒಂದೇ ಪ್ರಶ್ನೆ ಬರುತ್ತಿದೆ. ಅಧಿಕಾರಿಗಳು ಬೇಡವೆನ್ನುತ್ತಾರೆ, ಊರಿನ ತರುಣರು ಬೇಕೇ ಬೇಕೆನ್ನುತ್ತಾರೆ. "ಹಿರಿಯರ ಕಾಲದಿಂದ ನಡೆದು ಬಂದದ್ದು, ಒಂದು ತಾಸಿನ ಮಾತು, ಯಾರೇನು ಮಾಡುತ್ತಾರೆ" ಎಂದು ಒಬ್ಬರು ಅನ್ನುತ್ತಾರೆ. ಉಳಿದವರು ಸುಮ್ಮನಾಗುತ್ತಾರೆ. ನಿರ್ಣಯ ಆಗಿಹೋಗುತ್ತದೆ.

ಹೀಗೆ ಸುಮ್ಮನಾಗುವುದರ ಬೆಲೆ ಎಷ್ಟು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ. ಅದಕ್ಕಾಗಿ ಕೇರಳದ ಒಂದು ಘಟನೆಯನ್ನು ಮೊದಲು ನೋಡೋಣ. ದೂರದ ಊರು, ಬೇರೆ ದೇವಸ್ಥಾನ, ಬೇರೆ ಜನ ನಿಜ. ಆದರೆ ಮದ್ದಿಗೆ ಜಾತಿ, ಮತ, ರಾಜ್ಯ ಯಾವುದೂ ಗೊತ್ತಿಲ್ಲ.

1. ನಡೆದದ್ದೇನು?

ಕೇರಳದ ಕೊಲ್ಲಂ ಜಿಲ್ಲೆಯ ಪರವೂರು ಸಮುದ್ರ ದಂಡೆಯ ಊರು. ಅಲ್ಲಿಯ ಪುಟ್ಟಿಂಗಲ್ ದೇವಿಯ ಗುಡಿಯಲ್ಲಿ ಪ್ರತಿ ಬೇಸಿಗೆಯಲ್ಲಿ, ಮೀನ ಮಾಸದ ಭರಣಿ ನಕ್ಷತ್ರದಂದು ಉತ್ಸವ ನಡೆಯುತ್ತದೆ. ಆ ಉತ್ಸವದ ರಾತ್ರಿ ಮದ್ದು ಸುಡುವುದು ಅಲ್ಲಿಯ ರೂಢಿ. ಎರಡು ಗುತ್ತೇದಾರರ ಪಂಗಡಗಳು ಪೈಪೋಟಿಯಿಂದ ಮದ್ದು ಹಾರಿಸುವುದನ್ನು ನೋಡಲು ಸುತ್ತಲಿನ ಊರುಗಳಿಂದ ಸಾವಿರಾರು ಜನ ಸೇರುತ್ತಿದ್ದರು.

2016ರಲ್ಲಿ ಜಿಲ್ಲಾಡಳಿತವು ಈ ಪೈಪೋಟಿಯ ಮದ್ದಿಗೆ ಅನುಮತಿ ನಿರಾಕರಿಸಿತು. ಗುಡಿಯ ಹತ್ತಿರವೇ ಮನೆಗಳಿದ್ದವು. ನಿವಾಸಿಗಳಿಂದ ಮೊದಲೇ ತಕರಾರೂ ಬಂದಿತ್ತು. ಇಷ್ಟಾದರೂ ಏಪ್ರಿಲ್ 9ರ ರಾತ್ರಿ ಮದ್ದು ಸುಡುವುದು ಶುರುವಾಯಿತು. ಗಂಟೆಗಟ್ಟಲೆ ನಡೆಯಿತು. ಏಪ್ರಿಲ್ 10ರ ಬೆಳಗಿನ ಜಾವ ಸುಮಾರು ಮೂರೂವರೆಗೆ, ಇನ್ನೇನು ಕಾರ್ಯಕ್ರಮ ಮುಗಿಯಬೇಕು ಎನ್ನುವ ಹೊತ್ತಿಗೆ, ಹಾರಿಸಿದ ಮದ್ದಿನ ಕಿಡಿಯೊಂದು ಕೂಡಿಟ್ಟ ಮದ್ದಿಗೆ ತಗುಲಿತು. ಮದ್ದಿನ ಉಗ್ರಾಣವೇ ಒಮ್ಮೆಲೇ ಸ್ಫೋಟಗೊಂಡಿತು.

ನೂರಕ್ಕೂ ಹೆಚ್ಚು ಜನ ಸತ್ತರು. ಮುನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಎಲ್ಲರೂ ಬೆಂಕಿಯಿಂದ ಸತ್ತವರಲ್ಲ. ಉಗ್ರಾಣ ಕಾಂಕ್ರೀಟಿನದಾಗಿತ್ತು. ಅದು ಒಡೆದು ಕಾಂಕ್ರೀಟಿನ ತುಂಡುಗಳು ಗುಂಡಿನಂತೆ ಹಾರಿ ದೂರದಲ್ಲಿ ನಿಂತವರಿಗೂ ಬಡಿದವು. "ನಾವು ದೂರ ನಿಂತು ನೋಡುತ್ತೇವೆ, ನಮಗೇನಾಗುತ್ತದೆ" ಎಂಬ ಮಾತಿಗೆ ಅಂದು ಅರ್ಥ ಉಳಿಯಲಿಲ್ಲ. ಸುತ್ತಲಿನ ಮನೆಗಳು ಜಖಂ ಆದವು. ವಿದ್ಯುತ್ ಹೋಗಿ ಕತ್ತಲೆಯಲ್ಲಿ ಗಾಯಾಳುಗಳನ್ನು ಹುಡುಕಬೇಕಾಯಿತು.

ಎರಡು ದಿನಗಳ ಮೇಲೆ, ಏಪ್ರಿಲ್ 12ರಂದು, ಕೇರಳ ಹೈಕೋರ್ಟು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಭಾರಿ ಸದ್ದಿನ ಮದ್ದು ಸುಡುವುದನ್ನು ತಡೆದು ಆದೇಶ ಮಾಡಿತು. ಅದೇ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡು ಈ ವಿಚಾರಣೆ ನಡೆಯಿತು. ಗುಡಿಯ ಆಡಳಿತ ಸಮಿತಿಯ ಪದಾಧಿಕಾರಿಗಳು ಬಂಧನಕ್ಕೊಳಗಾದರು. ಮುಂದೆ ಸಲ್ಲಿಕೆಯಾದ ಆರೋಪಪಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ಜನರ ಹೆಸರಿತ್ತು. ಮದ್ದಿನ ಗುತ್ತೇದಾರರೊಬ್ಬರು ತಾವೇ ಹಾರಿಸಿದ ಮದ್ದಿನಿಂದಾದ ಗಾಯಗಳಿಂದ ತೀರಿಕೊಂಡರು.

2. ಬೇಡವೆಂದರೂ ಏಕೆ ನಡೆಯಿತು?

ಅಲ್ಲಿಯ ಭಕ್ತರು ದುಷ್ಟರಲ್ಲ, ಅವಿವೇಕಿಗಳೂ ಅಲ್ಲ. ನಮ್ಮಂತೆಯೇ ಹೊಲ, ಅಂಗಡಿ, ಮನೆ, ಮಕ್ಕಳು ಇದ್ದವರು. ಹಾಗಾದರೆ ಅನುಮತಿ ಇಲ್ಲವೆಂಬ ಕಾಗದ ಕೈಗೆ ಬಂದ ಮೇಲೂ ಮದ್ದು ಹೇಗೆ ಸುಟ್ಟರು? ಇಂಥ ಕಡೆಗಳಲ್ಲೆಲ್ಲ ಕೆಲಸ ಮಾಡುವ ಕಾರಣಗಳು ಮೂರು. ಅವು ನಮ್ಮ ಊರುಗಳಲ್ಲೂ ಇವೆ.

ಮೊದಲನೆಯದು ರೂಢಿ. ಅನೇಕ ವರ್ಷ ನಡೆದದ್ದು ಏನೂ ಅನಾಹುತವಾಗದೆ ನಡೆದಿದ್ದರೆ, ಅದು ಸುರಕ್ಷಿತ ಎಂಬ ಭಾವನೆ ಬೆಳೆಯುತ್ತದೆ. ಆದರೆ ಇಪ್ಪತ್ತು ವರ್ಷ ಕಿಡಿ ಬೇರೆ ಕಡೆ ಬಿದ್ದಿತೆಂದರೆ ಇಪ್ಪತ್ತೊಂದನೆಯ ವರ್ಷವೂ ಬೇರೆ ಕಡೆಯೇ ಬೀಳುತ್ತದೆಂದು ಅರ್ಥವಲ್ಲ.

ಎರಡನೆಯದು ಪೈಪೋಟಿ. ಒಂದು ಪಂಗಡ ನೂರು ಹಾರಿಸಿದರೆ ಇನ್ನೊಂದಕ್ಕೆ ನೂರೈವತ್ತು ಹಾರಿಸಬೇಕು. ಸದ್ದು ಹೆಚ್ಚಾಗಬೇಕೆಂದು ಮದ್ದಿನ ಪ್ರಮಾಣ ಹೆಚ್ಚುತ್ತದೆ. ಬೇಗ ಬೇಗ ಹಾರಿಸಬೇಕೆಂದು ಉಗ್ರಾಣ ಮೈದಾನದ ಹತ್ತಿರಕ್ಕೆ ಬರುತ್ತದೆ. ಸೋಲಬಾರದೆಂಬ ಹಟದಲ್ಲಿ "ಸಾಕು" ಎನ್ನುವವನು ಇರುವುದಿಲ್ಲ. ನಮ್ಮಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದೋ, ಈ ಊರು, ಆ ಊರು ಎಂದೋ ಇಂಥ ಹಟ ಇದ್ದೇ ಇದೆ.

ಮೂರನೆಯದು ಕೊಟ್ಟ ಸಂಚಕಾರ. ಗುತ್ತೇದಾರನಿಗೆ ಹಣ ಮುಟ್ಟಿದೆ, ಸರಕು ಬಂದು ಬಿದ್ದಿದೆ, ಜನ ಬಂದು ಕೂತಿದ್ದಾರೆ. ಈಗ ನಿಲ್ಲಿಸಿದರೆ ಹಣವೂ ಹೋಯಿತು, ಮರ್ಯಾದೆಯೂ ಹೋಯಿತು ಎಂಬ ಲೆಕ್ಕ. ಆದ್ದರಿಂದಲೇ ಮದ್ದು ಬೇಕೋ ಬೇಡವೋ ಎಂಬ ನಿರ್ಣಯ ಜಾತ್ರೆಯ ದಿನ ಆಗತಕ್ಕದ್ದಲ್ಲ. ಹಣ ಕೊಡುವುದಕ್ಕೆ ಮೊದಲೇ ಆಗಬೇಕು.

3. ಮದ್ದಿನ ಸ್ವಭಾವ

ಕಟ್ಟಿಗೆಯ ಬೆಂಕಿಗೂ ಮದ್ದಿನ ಬೆಂಕಿಗೂ ಇರುವ ವ್ಯತ್ಯಾಸವನ್ನು ರೈತರೂ ವ್ಯಾಪಾರಿಗಳೂ ತಿಳಿದಿರಬೇಕು. ಕಟ್ಟಿಗೆ ಉರಿಯಲು ಹೊರಗಿನ ಗಾಳಿ ಬೇಕು. ಗೋಣಿಚೀಲ ತೋಯಿಸಿ ಮುಚ್ಚಿದರೆ, ಮಣ್ಣು ಹಾಕಿದರೆ ಅದು ಆರುತ್ತದೆ. ಮದ್ದು ಹಾಗಲ್ಲ. ಹಳೆಯ ಕರಿಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ ಇರುತ್ತವೆ. ಪೆಟ್ಲುಪ್ಪಿನೊಳಗೇ ಆಮ್ಲಜನಕ ಅಡಗಿರುತ್ತದೆ. ಆದ್ದರಿಂದ ಮುಚ್ಚಿದರೂ ಮದ್ದು ಉರಿಯುತ್ತದೆ. ಇಷ್ಟೇ ಅಲ್ಲ, ಬಯಲಿನಲ್ಲಿ ಚೆಲ್ಲಿದ ಮದ್ದು ಬುಸ್ಸೆಂದು ಉರಿದುಹೋದರೆ, ಗಟ್ಟಿ ಗೋಡೆಯೊಳಗೆ ಕೂಡಿಟ್ಟ ಅದೇ ಮದ್ದು ಸಿಡಿಯುತ್ತದೆ. ಹೊಗೆಗೆ ಹೊರಹೋಗಲು ದಾರಿ ಸಿಗದೆ ಒತ್ತಡ ಏರಿ ಗೋಡೆಯನ್ನೇ ಒಡೆಯುತ್ತದೆ. ಭದ್ರವಾಗಿರಲಿ ಎಂದು ಕಾಂಕ್ರೀಟಿನ ಕೋಣೆಯಲ್ಲಿ ಇಟ್ಟದ್ದೇ ಪರವೂರಿನಲ್ಲಿ ಪ್ರಾಣಕ್ಕೆ ಎರವಾಯಿತು.

ಸದ್ದು ಹೆಚ್ಚಾಗಲೆಂದು ಕೆಲವರು ಪೊಟ್ಯಾಸಿಯಂ ಕ್ಲೋರೇಟು ಬೆರೆಸುತ್ತಾರೆ. ಗಂಧಕದ ಜೊತೆ ಸೇರಿದ ಕ್ಲೋರೇಟು ಬಲು ಸೂಕ್ಷ್ಮ. ಕಿಡಿಯೇ ಬೇಕಿಲ್ಲ, ಉಜ್ಜಿದರೆ, ಬಡಿದರೆ, ಚೀಲವನ್ನು ನೆಲದ ಮೇಲೆ ಎಳೆದರೆ ಸಾಕು. ಈ ಮಿಶ್ರಣವನ್ನು 1992ರಿಂದಲೇ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಹಳ್ಳಿಯಲ್ಲಿ ಕೈಯಿಂದ ಮಾಡಿದ ಮದ್ದಿನಲ್ಲಿ ಏನು ಬೆರೆತಿದೆ ಎಂದು ಕೊಳ್ಳುವ ಕಮಿಟಿಗೆ ತಿಳಿಯುವುದಿಲ್ಲ.

ಇದರಿಂದ ತಿಳಿಯುವುದೇನೆಂದರೆ, ನಾವು ಅಂಜುವುದು ಮೇಲೆ ಹಾರುವ ಬಾಣಕ್ಕೆ. ಅಂಜಬೇಕಾದದ್ದು ಕೆಳಗೆ ಕೂಡಿಟ್ಟ ರಾಶಿಗೆ.

4. ನಮ್ಮ ಗಡಿಯ ಎರಡು ಉದಾಹರಣೆ

ಪರವೂರು ದೂರವಾಯಿತು ಎನ್ನುವವರಿಗೆ ಹತ್ತಿರದ ಎರಡು ಘಟನೆಗಳನ್ನು ಹೇಳಬೇಕು.

ಕಾಸರಗೋಡು ಜಿಲ್ಲೆಯ ನೀಲೇಶ್ವರದ ಅಂಜೂಟ್ಟಂಬಲಂ ವೀರರ್‌ಕಾವಿನಲ್ಲಿ 2024ರ ಅಕ್ಟೋಬರ್ 28ರ ರಾತ್ರಿ ತೆಯ್ಯಂ ನೋಡಲು ಜನ ಕೂಡಿದ್ದರು. ಪರವೂರಿನಂತೆ ಭಾರಿ ಮದ್ದು ಅಲ್ಲಿರಲಿಲ್ಲ. ಆದರೆ ತಂದಿಟ್ಟ ಪಟಾಕಿಯ ಕೊಠಡಿಯ ಮಗ್ಗುಲಲ್ಲೇ ಜನ ನಿಂತಿದ್ದರು, ಹತ್ತಿರದಲ್ಲೇ ಪಟಾಕಿ ಹಾರಿಸುತ್ತಿದ್ದರು. ಕಿಡಿ ಕೊಠಡಿಗೆ ಬಿತ್ತು. ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು, ಅವರಲ್ಲಿ ಹಲವರು ಮುಂದಿನ ದಿನಗಳಲ್ಲಿ ಪ್ರಾಣ ಬಿಟ್ಟರು. ಅನುಮತಿ ಪಡೆದಿರಲಿಲ್ಲವೆಂದು ಜಿಲ್ಲಾಡಳಿತ ತಿಳಿಸಿತು. "ನಮ್ಮದು ಸಣ್ಣ ಜಾತ್ರೆ, ಸ್ವಲ್ಪೇ ಪಟಾಕಿ" ಎನ್ನುವವರಿಗೆ ಈ ಘಟನೆಯೇ ಉತ್ತರ.

ಇನ್ನೊಂದು ಹೊಸೂರಿಗೆ ಹೊಂದಿಕೊಂಡ ಅತ್ತಿಬೆಲೆಯದು. 2023ರ ಅಕ್ಟೋಬರ್ 7ರಂದು ಅಲ್ಲಿಯ ಪಟಾಕಿ ಅಂಗಡಿ ಮತ್ತು ಗೋದಾಮಿನಲ್ಲಿ, ದೀಪಾವಳಿಯ ಸರಕು ವಾಹನದಿಂದ ಇಳಿಸುವಾಗ ಬೆಂಕಿ ಹತ್ತಿತು. ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ತಮಿಳುನಾಡಿನಿಂದ ಹಬ್ಬದ ಹಂಗಾಮಿಗೆಂದು ಕೂಲಿಗೆ ಬಂದ ತರುಣರು. ಅಲ್ಲಿ ಜಾತ್ರೆ ಇರಲಿಲ್ಲ, ಬಾಣ ಹಾರಿಸಿದವರೂ ಇರಲಿಲ್ಲ. ಬರೀ ಸರಕು ಇತ್ತು. ವ್ಯಾಪಾರಸ್ಥ ಭಕ್ತರು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಿರಾಣಿ ಅಂಗಡಿಯ ಅಟ್ಟದ ಮೇಲೆ, ಎಣ್ಣೆ ಡಬ್ಬಿಗಳ ಪಕ್ಕದಲ್ಲಿ, ಜಾತ್ರೆಗೆ ನಾಲ್ಕು ಪೆಟ್ಟಿಗೆ ಪಟಾಕಿ ತಂದಿಟ್ಟವರು ತಮ್ಮ ಮನೆಯವರನ್ನೂ ಆಳುಗಳನ್ನೂ ಅದರ ಮಗ್ಗುಲಲ್ಲೇ ಮಲಗಿಸಿದಂತಾಯಿತು.

5. ಕಾನೂನು ಏನು ಹೇಳುತ್ತದೆ?

ಗಡಿಯ ಊರುಗಳಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಆಚೆ ರಾಜ್ಯದಲ್ಲಿ ಬಿಗಿ, ಈಚೆ ಸಡಿಲು, ಆದ್ದರಿಂದ ಇಲ್ಲಿಂದ ತಂದು ಅಲ್ಲಿ ಸುಟ್ಟರಾಯಿತು ಎಂಬುದು ಆ ತಿಳುವಳಿಕೆ. ಸ್ಫೋಟಕಗಳ ಕಾಯದೆ 1884ರದು, ಈಗಿನ ನಿಯಮಗಳು 2008ರವು. ಎರಡೂ ಕೇಂದ್ರ ಸರ್ಕಾರದವು. ಅಕ್ಕಲಕೋಟೆಗೂ ಅಫಜಲಪುರಕ್ಕೂ, ಹೊಸೂರಿಗೂ ಆನೇಕಲ್ಲಿಗೂ ಅವು ಒಂದೇ. ರಾಜ್ಯ ಸರ್ಕಾರಗಳೂ ಜಿಲ್ಲಾಡಳಿತಗಳೂ ಇದರ ಮೇಲೆ ಇನ್ನಷ್ಟು ನಿರ್ಬಂಧ ಹಾಕಬಹುದು, ಕಡಿಮೆ ಮಾಡುವಂತಿಲ್ಲ. ಅತ್ತಿಬೆಲೆಯ ಘಟನೆಯ ಬಳಿಕ ಕರ್ನಾಟಕ ಸರ್ಕಾರ ಮದುವೆ, ರಾಜಕೀಯ ಸಮಾರಂಭಗಳಲ್ಲಿ ಪಟಾಕಿ ಹಾರಿಸುವುದನ್ನು ನಿಷೇಧಿಸುವುದಾಗಿ ಘೋಷಿಸಿದ್ದು ಇದಕ್ಕೊಂದು ಉದಾಹರಣೆ.

ಮುಖ್ಯವಾದ ಕೆಲವು ಅಂಶಗಳು ಇವು:

ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು, ಮಾರಾಟಕ್ಕೆ ಇಡುವುದು ಅಪರಾಧ. ಸಾರ್ವಜನಿಕವಾಗಿ ದೊಡ್ಡ ಪ್ರಮಾಣದಲ್ಲಿ ಮದ್ದು ಸುಡಲು ಜಿಲ್ಲಾಡಳಿತದ ಲಿಖಿತ ಅನುಮತಿ ಬೇಕು.

ರಾತ್ರಿ 10ರಿಂದ ಬೆಳಗಿನ 6ರವರೆಗೆ ಸದ್ದಿನ ಪಟಾಕಿ ಸುಡುವಂತಿಲ್ಲ. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಶಾಂತ ವಲಯದಲ್ಲಿ ಹಗಲಿಗೂ ಸುಡುವಂತಿಲ್ಲ.

ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ ಸದ್ದು 125 ಡೆಸಿಬೆಲ್ ಮೀರಬಾರದು. ಜಾತ್ರೆಗಳಲ್ಲಿ ಎದೆ ನಡುಗಿಸುವ ಗರ್ನಾಲುಗಳು ಬಹಳಷ್ಟು ಈ ಮಿತಿಯನ್ನು ದಾಟುತ್ತವೆ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹಸಿರು ಪಟಾಕಿಯನ್ನಷ್ಟೇ ಮಾರಬೇಕೆಂದು ಆದೇಶಿಸಿತು.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಮಾಡಿದ ತಿದ್ದುಪಡಿಯ ಪ್ರಕಾರ ಮದ್ದಿನ ಉಗ್ರಾಣಕ್ಕೂ ಮದ್ದು ಸುಡುವ ಸ್ಥಳಕ್ಕೂ 200 ಮೀಟರ್ ಅಂತರ ಇರಬೇಕು. ಬೇಸಿಗೆಯಲ್ಲೇ ನಡೆಯುವ ತ್ರಿಶೂರು ಪೂರಂ ಮದ್ದಿಗೇ ಹೆಸರಾದ ಉತ್ಸವ. ಅಲ್ಲಿ ಇದರಿಂದ ದೊಡ್ಡ ತೊಡಕಾಯಿತು. 2025ರಲ್ಲಿ ಅವರು ಉಗ್ರಾಣವನ್ನು ಬರಿದಾಗಿಟ್ಟುಕೊಂಡು ಮದ್ದು ಸುಡುವ ದಾರಿ ಕಂಡುಕೊಂಡರು. ಉಗ್ರಾಣ ಬರಿದಾಗಿದ್ದರೆ ಕಿಡಿ ಬಿದ್ದರೂ ಹಿಡಿಯಲು ಏನೂ ಇರುವುದಿಲ್ಲ. ಪರವೂರಿನ ಪಾಠವನ್ನು ಕೇಳಿ ತಿಳಿದುಕೊಂಡರೆ ಹಬ್ಬ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

6. ಬೇಸಿಗೆ ಎಂಬುದನ್ನು ಮರೆಯಬಾರದು

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿಯೂ ಮದ್ದು ಸುಡುವ ಕಾರ್ಯಕ್ರಮ ಉಂಟು, ಅದನ್ನು ನೋಡಲು ಮೂರೂ ರಾಜ್ಯಗಳ ಜನ ಹೋಗುತ್ತಾರೆ. ಆದರೆ ಅದು ಮಕರ ಸಂಕ್ರಮಣದ ಚಳಿಯ ಕಾಲ. ಏಪ್ರಿಲ್, ಮೇ ತಿಂಗಳ ಮಾತು ಬೇರೆ. ಆಗ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಹಿತ್ತಲಲ್ಲಿ ಜೋಳದ ಕಣಿಕೆಯ ಬಣವೆ, ಹೊಲದಲ್ಲಿ ಕಬ್ಬಿನ ರವದಿ, ಜತ್ತ ಕಡೆಗೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಬಲೆ ಮತ್ತು ತಾಡಪತ್ರಿ, ಎಲ್ಲವೂ ಕಾದು ಒಣಗಿರುತ್ತವೆ. ಸಂಜೆಗೆ ಗಾಳಿ ಎದ್ದರೆ ಬಾಣ ಹಾರಿಸಿದವನ ಗುರಿಯಂತೆ ಅದು ಬೀಳುವುದಿಲ್ಲ, ಗಾಳಿ ಒಯ್ದಲ್ಲಿ ಬೀಳುತ್ತದೆ. ಮಕ್ಕಳ ಕೈಯ ಸುರಸುರಬತ್ತಿ ಕೂಡ ನೀರು ಕುದಿಯುವ ಶಾಖದ ಹತ್ತು ಪಟ್ಟು ಕಾದಿರುತ್ತದೆ.

ಬಣವೆ ಎಂದರೆ ಬರೀ ಹುಲ್ಲಲ್ಲ. ಮಳೆ ಬಂದು ಹಸಿಮೇವು ಆಗುವವರೆಗೆ ದನಗಳ ಅನ್ನ. ಅದು ಸುಟ್ಟರೆ ಮೇವು ಕೊಳ್ಳಬೇಕು, ಇಲ್ಲವೇ ಎತ್ತು ಮಾರಬೇಕು. ಎತ್ತು ಮಾರಿದವನು ಮುಂಗಾರಿಗೆ ಬಾಡಿಗೆ ಹೂಡಬೇಕು. ಒಂದು ತಾಸಿನ ಸದ್ದಿಗೆ ಒಂದು ಮನೆತನದ ಇಡೀ ವರ್ಷ ಕೆಡುತ್ತದೆ. ಅಗ್ನಿಶಾಮಕ ಗಾಡಿ ತಾಲೂಕಿನ ಊರಿನಿಂದ ಬರಬೇಕು. ಅದು ಬಂದರೂ ಬಾವಿ ತಳ ಕಂಡಿರುವ ಕಾಲದಲ್ಲಿ ನೀರೆಲ್ಲಿಂದ ತುಂಬುವುದು?

7. ಜಮಾ-ಖರ್ಚಿನ ಮಾತು

ಮಠದ ಲೆಕ್ಕಪತ್ರ ನೋಡಿಕೊಳ್ಳುವ ನಾವು ಜಾತ್ರೆಗಳ ಜಮಾ-ಖರ್ಚನ್ನೂ ಓದುತ್ತಿರುತ್ತೇವೆ. ಹೂವು, ಹಣ್ಣು, ಮಂಟಪ, ದಾಸೋಹ, ವಾದ್ಯ, ಮದ್ದು ಎಂದು ಸಾಲಾಗಿ ಬರೆದಿರುತ್ತಾರೆ. ಮದ್ದಿನ ಎದುರಿಗೆ ಕೊಂಡ ಬೆಲೆ ಮಾತ್ರ ಇರುತ್ತದೆ. ಲೆಕ್ಕಶಾಸ್ತ್ರದ ಪ್ರಕಾರ ಇದು ಅರ್ಧ ಲೆಕ್ಕ. ಮುಂದೆ ಬರಬಹುದಾದ ಹೊಣೆಯನ್ನೂ ತೋರಿಸದೆ ತಯಾರಿಸಿದ ತಾಳೆಪಟ್ಟಿ ಪೂರ್ಣವಾಗುವುದಿಲ್ಲ. ಆಸ್ಪತ್ರೆಯ ಖರ್ಚು, ಸುಟ್ಟ ಬಣವೆಗೆ ಪರಿಹಾರ, ಪೊಲೀಸ್ ಠಾಣೆ ಮತ್ತು ಕೋರ್ಟಿನ ಅಲೆದಾಟ, ಇವೆಲ್ಲ ಮದ್ದಿನ ಬೆಲೆಯೊಳಗೇ ಸೇರಿವೆ. ಅನುಮತಿ ಇಲ್ಲದೆ ಸುಟ್ಟಲ್ಲಿ ಈ ಹೊಣೆ ಊರಿನ ಹೆಸರಿಗೆ ಬರುವುದಿಲ್ಲ, ಪಾವತಿಗೆ ರುಜು ಹಾಕಿದವರ ಹೆಸರಿಗೆ ಬರುತ್ತದೆ. ವಿಮೆ ಇದ್ದರೂ ಕಂಪನಿಯವರು ಮೊದಲು ಕೇಳುವುದು ಪರವಾನಗಿಯನ್ನೇ.

ಇನ್ನು ವರ್ಗಣಿ ಕೊಟ್ಟವರ ವಿಚಾರ. ಬಡ ಕೂಲಿಕಾರನೂ ಜಾತ್ರೆಗೆಂದು ತನ್ನ ದುಡಿಮೆಯ ನಾಲ್ಕು ಕಾಸು ಕೊಡುತ್ತಾನೆ. ಅದು ದಾಸೋಹಕ್ಕೆ ಸಂದರೆ ಹಸಿದವನ ಹೊಟ್ಟೆ ತುಂಬುತ್ತದೆ. ಬಿಸಿಲಿನಲ್ಲಿ ನಡೆದು ಬರುವ ಯಾತ್ರಿಕರಿಗೆ ಅರವಟ್ಟಿಗೆ ಹಾಕಿಸಿದರೆ ದಣಿವು ಆರುತ್ತದೆ. ಕಾಯಕದ ಹಣ ಹೊಗೆಯಾಗಿ ಹೋಗಬೇಕೇ ಎಂಬುದನ್ನು ಪ್ರತಿಯೊಂದು ಕಮಿಟಿಯೂ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಬೇಕು.

8. ಜಾತ್ರಾ ಕಮಿಟಿಗಳು ಮಾಡತಕ್ಕದ್ದು

ಅ) ಜಾತ್ರೆಗೆ ಎರಡು ತಿಂಗಳು ಮೊದಲೇ ಸಭೆ ಕರೆದು ಮದ್ದಿನ ವಿಷಯ ನಿರ್ಣಯಿಸಿ, ಠರಾವು ಬರೆದು ಎಲ್ಲರ ರುಜು ಪಡೆಯಬೇಕು. ಲಿಖಿತ ಅನುಮತಿ ಕೈಗೆ ಬರುವವರೆಗೆ ಯಾರಿಗೂ ಸಂಚಕಾರ ಕೊಡಬಾರದು. ಬಾಯಿಮಾತಿನ ಅನುಮತಿ ಅನುಮತಿಯಲ್ಲ.

ಆ) ಅನುಮತಿ ನಿರಾಕರಿಸಿದರೆ ಅದನ್ನು ಡಂಗುರ ಸಾರಿ ಊರಿಗೆಲ್ಲ ತಿಳಿಸಬೇಕು. ಬಾಯಿ ಮುಚ್ಚಿಕೊಂಡಿದ್ದರೆ ತರುಣರು ತಾವಾಗಿಯೇ ತಂದು ಸುಡುತ್ತಾರೆ.

ಇ) ಅನುಮತಿ ದೊರೆತರೂ ಓಣಿ ಓಣಿಗಳ ಪೈಪೋಟಿಗೆ ಎಡೆ ಕೊಡಬಾರದು. ಪರವಾನಗಿ ಇದ್ದವರಿಂದಲೇ ಸರಕು ಕೊಂಡು ಪಾವತಿ ಪಡೆಯಬೇಕು. ಒಂದು ಸಲಕ್ಕೆ ಬೇಕಾದಷ್ಟನ್ನೇ ಮೈದಾನಕ್ಕೆ ತರಬೇಕು. ಗುಡಿ, ಮಠ, ಶಾಲೆಯ ಕೋಣೆಗಳಲ್ಲಿ ಮದ್ದು ಇಡಲೇಬಾರದು.

ಈ) ಬಣವೆ, ರವದಿ, ಮನೆಗಳಿಂದ ದೂರದ ಬಯಲು ಹುಡುಕಬೇಕು. ಗಾಳಿ ಇದ್ದರೆ ಆ ದಿನ ನಿಲ್ಲಿಸುವ ಅಧಿಕಾರವನ್ನು ಒಬ್ಬರಿಗೆ ಕೊಟ್ಟು, ಅವರ ಮಾತೇ ಕೊನೆಯ ಮಾತೆಂದು ಮೊದಲೇ ಒಪ್ಪಿರಬೇಕು.

ಉ) ನೀರಿನ ಟ್ಯಾಂಕರ್, ಮರಳು, ತೋಯಿಸಿದ ಗೋಣಿ ಸಿದ್ಧವಿರಲಿ. ಇವು ಹುಲ್ಲಿಗೆ ಹತ್ತಿದ ಬೆಂಕಿಗೆ ಮಾತ್ರ. ಮದ್ದಿನ ರಾಶಿಗೆ ಬೆಂಕಿ ತಗುಲಿದರೆ ಆರಿಸಲು ಹೋಗದೆ ಜನರನ್ನು ದೂರ ಓಡಿಸಬೇಕು. 101 ಮತ್ತು 112 ಎಲ್ಲರಿಗೂ ಗೊತ್ತಿರಲಿ. ಗಡಿಯ ಊರುಗಳಲ್ಲಿ ಮೊಬೈಲಿಗೆ ಪಕ್ಕದ ರಾಜ್ಯದ ಗೋಪುರ ಸಿಕ್ಕರೆ ಕರೆ ಅತ್ತ ಹೋಗುವ ಸಂಭವವುಂಟು. ಆದ್ದರಿಂದ ಹತ್ತಿರದ ಅಗ್ನಿಶಾಮಕ ಠಾಣೆಯ ನೇರ ನಂಬರನ್ನು ಗುಡಿಯ ಗೋಡೆಯ ಮೇಲೆ ಬರೆಸಬೇಕು.

ಊ) ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರು ಬಿಡಬೇಕು. ಅರಿಷಿಣ, ಶಾಯಿ, ಪೇಸ್ಟು ಹಚ್ಚಬಾರದು. ಉಂಗುರ, ಬಳೆ ಬಿಚ್ಚಿ, ಶುಭ್ರ ಬಟ್ಟೆ ಹೊದಿಸಿ ದವಾಖಾನೆಗೆ ಒಯ್ಯಬೇಕು.

ಚಿಂತನೆಗೆ ಕೆಲವು ಪ್ರಶ್ನೆಗಳು

1. ನಮ್ಮ ಊರಿನ ಜಾತ್ರೆಯಲ್ಲಿ ಮದ್ದನ್ನು ಎಲ್ಲಿ ಕೂಡಿಡುತ್ತಾರೆ? ಅಲ್ಲಿಂದ ಜನ ಎಷ್ಟು ಹೆಜ್ಜೆ ದೂರ ನಿಲ್ಲುತ್ತಾರೆ?
2. ಕಳೆದ ಸಲ ಮದ್ದಿಗೆ ಅನುಮತಿ ಇತ್ತೇ? ಆ ಕಾಗದವನ್ನು ಕಮಿಟಿಯ ಎಷ್ಟು ಜನ ನೋಡಿದ್ದಾರೆ?
3. ಸಭೆಯಲ್ಲಿ ಮನಸ್ಸಿಗೆ ಒಪ್ಪದಿದ್ದರೂ ಸುಮ್ಮನಿದ್ದವರು ಯಾರು? ಅವರು ಮಾತಾಡಲು ಏನು ಅಡ್ಡಿಯಾಯಿತು?
4. ಮದ್ದಿಗೆ ಹೋಗುವ ಹಣದಲ್ಲಿ ಈ ಬೇಸಿಗೆಗೆ ಊರಿಗೆ ಬೇಕಾದ ಯಾವ ಕೆಲಸ ಆಗಬಹುದು?

ಈ ಪ್ರಶ್ನೆಗಳನ್ನು ಮುಂದಿನ ಸೋಮವಾರದ ಸಭೆಯಲ್ಲಿ ಊರ ಹಿರಿಯರೂ ತರುಣರೂ ತಾಯಂದಿರೂ ಕೂಡಿ ಚರ್ಚಿಸಬೇಕೆಂದು ವಿನಂತಿ. ಬೇಡವೆನ್ನುವುದಕ್ಕೆ ಧೈರ್ಯ ಬೇಕು, ಅದೂ ನಮ್ಮವರ ಎದುರಿಗೆ ಹೇಳುವುದಕ್ಕೆ ಇನ್ನೂ ಹೆಚ್ಚು ಬೇಕು. ಆ ಧೈರ್ಯ ಒಬ್ಬರಿಗೆ ಬಂದರೆ ಉಳಿದವರಿಗೂ ಬರುತ್ತದೆ. ತೇರು ಎಳೆದವರೆಲ್ಲರೂ ಕ್ಷೇಮವಾಗಿ ಮನೆ ಸೇರಿದರೆ ಜಾತ್ರೆ ಸಾಂಗವಾದಂತೆಯೇ ಸರಿ.